ಬಲ್ಬು ಹಚ್ಚಿ ಮೀಟರ್ ನೋಡಿದವರು

ಹೊಳಲ್ಕೆರೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಎಂಜಿನಿಯರಿಂಗ್ ಹುಡುಗರಿಗೆ 'ಹ್ಯಾಕರ್‌ಗಳಾಗಿ' ಎಂದು ಬುದ್ಧಿ ಹೇಳಿದ್ದೀರಿ. ಒಟಿಪಿ ಕೇಳಿ ನನ್ನ ತಮ್ಮನ ದುಡ್ಡು ಹೊಡೆದವರೂ ಹ್ಯಾಕರ್‌ಗಳೇ ಅಲ್ಲವೇ? ಇತ್ತ ನನ್ನ ಮೊಮ್ಮಗ, ಸರ್ಕಾರ ಹೇಳುವುದೆಲ್ಲ ಸುಳ್ಳು, ಮನುಷ್ಯ ಚಂದ್ರನ ಮೇಲೆ ಇಳಿದದ್ದೂ ಸುಳ್ಳು ಅನ್ನುತ್ತಾನೆ. ಪತ್ರಿಕೆಗಳು ನಂಬುವುದನ್ನು ಕಲಿಸಬೇಕು, ಅನುಮಾನ ಪಡುವುದನ್ನಲ್ಲ."

ಮೇಷ್ಟ್ರೇ, ನಿಮ್ಮ ತಮ್ಮನವರ ದುಡ್ಡು ಹೋದದ್ದು ಓದಿ ಬೇಸರವಾಯಿತು. ಇನ್ನೂ ದೂರು ಕೊಡದಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಕದ್ದವನು ಕಳ್ಳ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಟಿಪಿ ಕೇಳುವವನಿಗೆ ಯಾವ ಯಂತ್ರದ ಒಳಗೂ ಗೊತ್ತಿರಬೇಕಿಲ್ಲ. ನಿಮ್ಮ ತಮ್ಮನವರು ಗಾಬರಿಯಾದರೆ ಅವನಿಗೆ ಸಾಕು. ಅವನನ್ನು ತಂದು ನಾನು ಮೆಚ್ಚುವವರ ಪಂಕ್ತಿಯಲ್ಲಿ ಕೂರಿಸಬೇಡಿ.

ನಾನು ಹ್ಯಾಕರ್ ಎಂದು ಮೆಚ್ಚುವುದು, ಹೇಳಿದ್ದನ್ನು ಹಾಗೇ ನಂಬದೆ ತಾವೇ ಪರೀಕ್ಷಿಸಿ ನೋಡುವವರನ್ನು. ಅವರು ಎಂಥವರು ಗೊತ್ತೇ? 1986ರಲ್ಲಿ ಅಮೆರಿಕದ ಬರ್ಕ್ಲಿಯ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟೋಲ್ ಎಂಬ ಖಗೋಳ ವಿಜ್ಞಾನಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು. ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಮುಕ್ಕಾಲು ಡಾಲರ್! ನಮ್ಮಲ್ಲಾದರೆ 'ರೌಂಡ್ ಆಫ್' ಮಾಡಿ ಮನೆಗೆ ಹೋಗುತ್ತಿದ್ದರು. ಸ್ಟೋಲ್ ಬಿಡಲಿಲ್ಲ. ಯಾರೋ ಹೊರಗಿನವರು ಒಳಗೆ ಬಂದು ಹೋಗುತ್ತಿದ್ದಾರೆ ಎಂದು ಕಂಡುಕೊಂಡರು. ಸಿಕ್ಕ ಸಿಕ್ಕ ಪ್ರಿಂಟರ್‌ಗಳನ್ನು ತಂದು ಲೈನುಗಳಿಗೆ ಜೋಡಿಸಿದರು. ಬಂದವನು ಒತ್ತಿದ್ದೆಲ್ಲ ಕಾಗದದ ಮೇಲೆ ಬೀಳುವಂತೆ ಮಾಡಿದರು. ಪೊಲೀಸ್ ಸಂಸ್ಥೆಗಳಿಗೆ ಹೇಳಿದರೆ, ಇಷ್ಟು ಚಿಲ್ಲರೆಗೆ ಕೇಸಾ ಎಂಬ ಉದಾಸೀನ. ತಿಂಗಳುಗಟ್ಟಲೆ ಕಾದು, ಸುಳ್ಳು ಕಡತಗಳ ಆಸೆ ತೋರಿಸಿ ಅವನನ್ನು ಲೈನಿನಲ್ಲೇ ಹಿಡಿದಿಟ್ಟರು. ಜಾಡು ಹೋಗಿ ಮುಟ್ಟಿದ್ದು ಜರ್ಮನಿಯ ಹ್ಯಾನೋವರ್‌ಗೆ. ಕದ್ದ ಮಾಹಿತಿ ಸೋವಿಯತ್ ಗೂಢಚಾರರಿಗೆ ಮಾರಾಟವಾಗುತ್ತಿತ್ತು. ಈ ಕಥೆಯಲ್ಲಿ ನನ್ನ ಹ್ಯಾಕರ್ ಆ ಕಳ್ಳನಲ್ಲ, ಚಿಲ್ಲರೆ ಲೆಕ್ಕ ಬಿಡದ ಸ್ಟೋಲ್.

ದೂರದ ಮಾತು ಯಾಕೆ? ಇಲ್ಲೇ ದಾವಣಗೆರೆಯಲ್ಲಿ, ನಮ್ಮ ಓಣಿಯಲ್ಲಿ ಒಬ್ಬ ಟೈಲರ್ ಇದ್ದಾರೆ. ಅವರ ಕರೆಂಟ್ ಬಿಲ್ಲು ಇದ್ದಕ್ಕಿದ್ದಂತೆ ಏರಿತು. ವಿಚಾರಿಸಿದರೆ "ಮೀಟರ್ ಸುಳ್ಳು ಹೇಳಲ್ಲ ಕಣ್ರಿ" ಎಂದು ವಾಪಸ್ ಕಳಿಸಿದರು. ಟೈಲರ್ ಜಗಳ ಆಡಲಿಲ್ಲ. ಭಾನುವಾರ ಅಂಗಡಿಯಲ್ಲಿ ಎಲ್ಲ ಆರಿಸಿ, ನೂರು ವಾಟಿನ ಒಂದು ಬಲ್ಬು ಮಾತ್ರ ಹಚ್ಚಿದರು. ಬೆಳಗ್ಗೆ 8ರಿಂದ ಸಂಜೆ 6. ನೂರು ವಾಟು, ಹತ್ತು ತಾಸು, ಒಂದು ಯೂನಿಟ್ ಆಗಬೇಕು. ಮೀಟರ್ ಎರಡರ ಹತ್ತಿರ ಓಡಿತ್ತು. ಮುಂದಿನ ಭಾನುವಾರ ಮತ್ತೆ ಅದನ್ನೇ ಮಾಡಿ, ಪಕ್ಕದ ಅಂಗಡಿಯವರಿಂದ ಚೀಟಿಗೆ ಸಹಿ ಹಾಕಿಸಿಕೊಂಡು ಹೋಗಿ, ಹೋಲಿಸಿ ನೋಡಲು ಚೆಕ್ ಮೀಟರ್ ಕೇಳಿದರು. ಮೀಟರ್ ಬದಲಾಯಿತು. ಅವರ ಹತ್ತಿರ ಕಂಪ್ಯೂಟರ್ ಇಲ್ಲ. ವಾಟ್ಸಾಪ್ ಇದೆ, ಅದರಲ್ಲಿ ಬರುವುದು ಬ್ಲೌಸ್ ಡಿಸೈನ್.

ಈಗ ನಿಮ್ಮ ಮೊಮ್ಮಗನ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ಅವನಿಗೆ ಅನುಮಾನ ಸಾಲದು. ನಾಸಾ ಮೇಲೆ ಅನುಮಾನ ಪಟ್ಟವನು, ಚಂದ್ರನ ಮೇಲೆ ಇಳಿದದ್ದು ಸುಳ್ಳು ಎಂಬ ವಿಡಿಯೋ ಕಳಿಸಿದವನ ಮೇಲೆ ಯಾಕೆ ಪಡಲಿಲ್ಲ? 1969ರಲ್ಲಿ ಅಪೊಲೊ 11ರವರು ಚಂದ್ರನ ಮೇಲೆ ಪ್ರತಿಫಲಕ ಇಟ್ಟು ಬಂದರು. ಅದಕ್ಕೆ ಭೂಮಿಯಿಂದ ಲೇಸರ್ ಬಿಟ್ಟರೆ ಸುಮಾರು ಎರಡೂವರೆ ಸೆಕೆಂಡಿಗೆ ಬೆಳಕು ವಾಪಸ್ ಬರುತ್ತದೆ. ಬೈಯಬೇಡಿ, ಲೆಕ್ಕ ಹಾಕಲು ಕೂರಿಸಿ.

ಅವನಿಗೆ ಷಣ್ಮುಗ ಸುಬ್ರಮಣಿಯನ್ ಅವರ ಕಥೆಯನ್ನೂ ಹೇಳಿ. ಚೆನ್ನೈನ ಎಂಜಿನಿಯರ್. 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ನಮ್ಮ ವಿಕ್ರಮ್ ಲ್ಯಾಂಡರ್ ಸಂಪರ್ಕ ಕಳೆದುಕೊಂಡಿತಲ್ಲ, ಆಗ ದೇಶವೆಲ್ಲ ಟಿವಿ ಮುಂದೆ ಕಣ್ಣೀರು ಹಾಕಿತು. ಕೆಲವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ಪುಕಾರು ಹಬ್ಬಿಸಿದರು. ಇವರು ಎರಡನ್ನೂ ಬಿಟ್ಟು, ನಾಸಾ ಎಲ್ಲರಿಗೂ ತೆರೆದಿಟ್ಟ ಚಿತ್ರಗಳ ಮುಂದೆ ಕೂತರು. ಹಳೆಯದು, ಹೊಸದು ಪಕ್ಕದಲ್ಲಿಟ್ಟುಕೊಂಡು ಚುಕ್ಕಿ ಚುಕ್ಕಿ ಹೋಲಿಸಿದರು. ಬಿದ್ದ ಜಾಗದಿಂದ ಸುಮಾರು 750 ಮೀಟರ್ ದೂರದಲ್ಲಿ ಮೊದಲಿಲ್ಲದ ಒಂದು ಬಿಳಿ ಚುಕ್ಕಿ ಕಂಡಿತು. ನಾಸಾಗೆ ಬರೆದರು. ಅವರು ಬೇರೆ ಚಿತ್ರಗಳಲ್ಲಿ ಪರೀಕ್ಷಿಸಿ, ಅದು ವಿಕ್ರಮ್‌ನ ಚೂರೇ ಎಂದು ಡಿಸೆಂಬರ್‌ನಲ್ಲಿ ಇವರ ಹೆಸರು ಹೇಳಿಯೇ ಪ್ರಕಟಿಸಿದರು. ನಮ್ಮ ಆರ್ಬಿಟರ್ ಲ್ಯಾಂಡರನ್ನು ಮೊದಲೇ ಪತ್ತೆ ಮಾಡಿತ್ತು ಎಂದು ಇಸ್ರೋ ಹೇಳಿತು. ಇರಬಹುದು. ಆದರೂ ಚಳ್ಳಕೆರೆಯಲ್ಲಿ ಇಸ್ರೋ ಜಾಗ ಇರುವ ಜಿಲ್ಲೆಯ ಹುಡುಗ ಚಂದ್ರನ ಸುಳ್ಳು ಫಾರ್ವರ್ಡ್ ಮಾಡುತ್ತಾ ಕೂತಿದ್ದಾನೆ ಅಂದರೆ, ಆ ಚಿತ್ರ ಎಲ್ಲಿ ಸಿಗುತ್ತದೆ ಎಂದು ನಾವು ಯಾರೂ ಅವನಿಗೆ ಹೇಳಲಿಲ್ಲ ಎಂದೇ ತಾನೆ?

ನಂಬುವುದನ್ನು ಕಲಿಸಿ ಅಂದಿರಿ. ಬ್ರಿಟನ್ನಿನ ಅಂಚೆ ಇಲಾಖೆ ನಂಬಿ ಏನಾಯಿತು ನೋಡಿ. 1999ರಿಂದ ಅಲ್ಲಿ 'ಹೊರೈಜನ್' ಎಂಬ ಲೆಕ್ಕದ ಸಾಫ್ಟ್‌ವೇರ್ ಬಂತು. ಅದು ಖೋತಾ ತೋರಿಸಿದಾಗಲೆಲ್ಲ ಸಣ್ಣ ಊರುಗಳ ಪೋಸ್ಟ್ ಮಾಸ್ಟರ್‌ಗಳು ಕೈಯಿಂದ ತುಂಬಿದರು. ತುಂಬಲಾಗದವರ ಮೇಲೆ ಕೇಸು ಬಿತ್ತು. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು. ಕೆಲವರು ಜೈಲಿಗೆ ಹೋದರು. ಸಹಾಯವಾಣಿಗೆ ಫೋನ್ ಮಾಡಿದವರಿಗೆ "ನಿಮ್ಮೊಬ್ಬರಿಗೇ ಈ ಸಮಸ್ಯೆ" ಅನ್ನುತ್ತಿದ್ದರಂತೆ. ಅಲನ್ ಬೇಟ್ಸ್ ಎಂಬ ಒಬ್ಬರು ಒಪ್ಪಲಿಲ್ಲ, ಕೆಲಸ ಕಳೆದುಕೊಂಡರು. ತಮ್ಮಂಥವರನ್ನು ಹುಡುಕಿ, ಒಟ್ಟು 555 ಮಂದಿಯಾಗಿ ಕೋರ್ಟಿಗೆ ಹೋದರು. ಸಾಫ್ಟ್‌ವೇರಿನಲ್ಲೇ ದೋಷವಿತ್ತು ಎಂದು 2019ರಲ್ಲಿ ನ್ಯಾಯಾಲಯ ಹೇಳಿತು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾನೂನು ಬರಲು 2024 ಆಗಬೇಕಾಯಿತು. ಬೇಟ್ಸ್ ಕೋಡ್ ಬರೆಯುವವರಲ್ಲ. ನಮ್ಮ ಟೈಲರ್ ಕುಲದವರೇ.

ನೀವು ದುರ್ಗದ ಜಿಲ್ಲೆಯವರು, ನಿಮಗೆ ನಾನು ಹೇಳಬೇಕೇ? ಏಳು ಸುತ್ತಿನ ಕೋಟೆ ಎಂದು ಊರೆಲ್ಲ ಹೊಗಳುತ್ತಿದ್ದಾಗ, ಅದರಲ್ಲೊಂದು ಕಿಂಡಿ ಇದೆ ಎಂದು ಮೊಸರು ಮಾರುವವಳಿಗೆ ಗೊತ್ತಿತ್ತು ಅನ್ನುತ್ತಾರೆ. ಪಾಳೆಯಗಾರರ ಕಡೆಯವರು ಯಾರೂ ಅವಳನ್ನು ಕೇಳಲಿಲ್ಲ. ಹೈದರನ ಕಡೆಯವರು ಅವಳು ಹೋಗಿಬರುವುದನ್ನು ಗಮನಿಸಿದರು. ಓಬವ್ವನ ಒನಕೆಗೆ ಕೆಲಸ ಬಂದದ್ದೇ ಹಾಗೆ.

ನನ್ನ ಹೊಟ್ಟೆಯುರಿ ಬೇರೆ ಇದೆ. ಅಮೆರಿಕದ ಎಂಐಟಿಯಲ್ಲಿ ಆಟದ ರೈಲು ಕಟ್ಟುವ ಕ್ಲಬ್ಬಿನ ಹುಡುಗರು 1950ರ ದಶಕದ ಕೊನೆಗೆ, ಕಂಪ್ಯೂಟರ್ ಖಾಲಿ ಸಿಗುವುದೇ ರಾತ್ರಿ ಎಂದು ರಾತ್ರಿಯಿಡೀ ಕಾದು ಕೂರುತ್ತಿದ್ದರು. ನಮ್ಮಲ್ಲಿ? ನಮ್ಮ ಪತ್ರಿಕೆಗೆ ಕೆಲಸ ಕೇಳಿ ಬರುವ ಹುಡುಗರ ಲ್ಯಾಬ್ ರೆಕಾರ್ಡ್ ತೆಗೆದು ನೋಡುತ್ತೇನೆ. ಅಕ್ಷರ ಮುತ್ತಿನಂತಿರುತ್ತದೆ. ಪ್ರೋಗ್ರಾಂ ಸೀನಿಯರ್‌ದು, ಔಟ್‌ಪುಟ್ಟೂ ಸೀನಿಯರ್‌ದು. ರನ್ ಮಾಡಿದ್ದೀಯಾ ಅಂದರೆ "ಲ್ಯಾಬ್‌ನಲ್ಲಿ ಸಿಸ್ಟಮ್ ಮುಟ್ಟೋಕೆ ಬಿಡಲ್ಲ ಸರ್" ಎಂಬ ಉತ್ತರ. ಮುಟ್ಟಿದರೆ ಕೆಡುತ್ತದಂತೆ! ಮುಂದೆ ಇದೇ ಹುಡುಗ ಯಾವುದೋ ಕೌಂಟರಿನ ಹಿಂದೆ ಕೂತು, ಪಹಣಿ ಕೇಳಿ ಬಂದ ರೈತನಿಗೆ "ಸರ್ವರ್ ಡೌನ್" ಅನ್ನುತ್ತಾನೆ. ಯಾವ ಸರ್ವರ್, ಯಾಕೆ ಡೌನ್, ಅವನಿಗೂ ಗೊತ್ತಿಲ್ಲ. ಕೇಳಿದ ರೈತ ತಲೆಹರಟೆ ಅನ್ನಿಸಿಕೊಳ್ಳುತ್ತಾನೆ. ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು ಎಂದು 2005ರ ಕಾಯ್ದೆ ಹೇಳುತ್ತದೆ. ಅದನ್ನು ನಿಮ್ಮ ಮೊಮ್ಮಗನಿಗೆ ಕಲಿಸಿ, ಫಾರ್ವರ್ಡ್ ಒತ್ತುವ ಬೆರಳಿಗೆ ಒಳ್ಳೆಯ ಕೆಲಸ ಸಿಗುತ್ತದೆ.

ಪತ್ರದ ತುದಿಗೆ, ಸಂಚಿಕೆ ತಡವಾಗಿ ಬರುತ್ತಿದೆ ಎಂದೂ ದೂರಿದ್ದೀರಿ. ನಮ್ಮ ರವಾನೆ ಪುಸ್ತಕದಲ್ಲಿ ಪ್ರತಿ ತಿಂಗಳು 5ಕ್ಕೇ ಅಂಚೆಗೆ ಹಾಕಿದಂತೆ ಬರೆದಿದೆ. ಅದನ್ನು ನಂಬಬೇಡಿ. ಮುಂದಿನ ಸಲ ಲಕೋಟೆ ಎಸೆಯದೆ, ಮೇಲಿರುವ ಅಂಚೆ ಮುದ್ರೆಯ ತಾರೀಖು ನೋಡಿ ನನಗೆ ಬರೆಯಿರಿ.

– ಸಂಪಾದಕ