ಬೀಗದ ಕೈ ಯಾರ ಹತ್ತಿರ?

ಪತ್ರ ಓದದವರಿಗಾಗಿ ಎರಡು ಮಾತು. ಒಂದೇ ಬೀದಿಯ ಒಂಬತ್ತು ಮಂದಿ ಸೇರಿ, ಒಂಟಿಯಾಗಿ ಬದುಕುತ್ತಿರುವ ಐವರು ಹಿರಿಯರಿಗೆ ಕೈಲಾದ ನೆರವು ಕೊಡಲು ಹೊರಟರು. ಮೂರನೆಯ ತಿಂಗಳಿಗೆ ನಿಯಮಿತವಾಗಿ ಬರುವವರು ಇಬ್ಬರೇ ಉಳಿದರು. ಅಷ್ಟರಲ್ಲಿ ಅಜ್ಜಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದರು. ಮಧ್ಯಾಹ್ನದವರೆಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಬೀಗದ ಕೈ ಹುಡುಕುವುದರಲ್ಲೇ ಅರ್ಧ ಗಂಟೆ ಹೋಯಿತು. ಇನ್ನಷ್ಟು ಜನರನ್ನು ಸೇರಿಸುವುದು ಹೇಗೆಂದು ಪತ್ರ ಬರೆದವರು ಕೇಳಿದ್ದಾರೆ.

ಸದ್ಯಕ್ಕೆ ಯಾರನ್ನೂ ಸೇರಿಸಬೇಡಿ. ಐವರಿಗೆ ಒಂಬತ್ತು ಮಂದಿ ಧಾರಾಳವಾಯಿತು. ಆ ದಿನ ಪ್ರತಿಯೊಬ್ಬರೂ ‘ಬೇರೆ ಯಾರಾದರೂ ವಿಚಾರಿಸಿರುತ್ತಾರೆ’ ಅಂದುಕೊಂಡರು, ಅಷ್ಟೇ. ಒಬ್ಬರನ್ನು ಹೊಣೆಗಾರರನ್ನಾಗಿ ಮಾಡಿ. ಅವರು ಯಾರ ಮನೆಗೂ ಕೆಲಸಕ್ಕೆ ಹೋಗುವುದು ಬೇಡ, ಯಾವ ದಿನ ಯಾರ ಸರದಿ ಎಂದು ನೋಡಿಕೊಂಡರೆ ಸಾಕು. ಉಳಿದವರಿಗೆ ವಾರಕ್ಕೆ ಎರಡು ಗಂಟೆ, ಮೂರು ತಿಂಗಳ ಅವಧಿ. ಅವಧಿ ಮುಗಿದಾಗ ಬಿಡಬೇಕೆನಿಸಿದವರು ಸಂಕೋಚವಿಲ್ಲದೆ ಬಿಡಲಿ. ಕೊನೆಯಿಲ್ಲದ ಸೇವೆಗೆ ಒಪ್ಪಿಕೊಂಡವರೇ ಹೇಳದೆ ಕೇಳದೆ ಜಾರಿಕೊಳ್ಳುವುದು.

ಇನ್ನು ಬೆಳಗಿನ ಕರೆ. ನೀವು ಫೋನ್ ಮಾಡಿ ವಿಚಾರಿಸುವ ಬದಲು, ಹಿರಿಯರೇ ಎಂಟರಿಂದ ಎಂಟೂವರೆಯೊಳಗೆ ಆ ದಿನದ ಸರದಿಯವರಿಗೆ ಕರೆ ಮಾಡಲಿ. ತಮ್ಮನ್ನು ಕಾಯುತ್ತಿದ್ದಾರೆ ಎಂಬ ಕಿರಿಕಿರಿ ಅವರಿಗಿರುವುದಿಲ್ಲ. ಎಂಟೂವರೆಗೂ ಕರೆ ಬರದಿದ್ದರೆ ನೀವು ಮಾಡಿ, ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ. ಆಗಲೂ ಎತ್ತದಿದ್ದರೆ ಇಬ್ಬರು ಹೊರಡಿ. ‘ಮಲಗಿರಬಹುದು’ ಎಂದು ಕಾಯಬೇಡಿ. ಬಿದ್ದವರು ಒಂದು ಗಂಟೆಗೂ ಹೆಚ್ಚು ನೆಲದ ಮೇಲೇ ಉಳಿದರೆ ಮೈ ತಣ್ಣಗಾಗುತ್ತದೆ, ನೀರಿನಂಶ ಇಳಿಯುತ್ತದೆ. ಒತ್ತಿಹೋದ ಸ್ನಾಯು ಹಾಳಾಗಿ ಮೂತ್ರಪಿಂಡಕ್ಕೂ ಪೆಟ್ಟಾಗಬಹುದು. ಎಷ್ಟೋ ಸಲ ಬಿದ್ದ ಪೆಟ್ಟಿಗಿಂತ ಬಿದ್ದಲ್ಲೇ ಇದ್ದದ್ದು ಹೆಚ್ಚು ಹಾನಿ ಮಾಡುತ್ತದೆ.

ಕೀಲಿಯನ್ನು ಬೇರೆ ಬೇರೆ ಮನೆಯ ಇಬ್ಬರ ಹತ್ತಿರ ಇಡಿ. ಅದರ ಮೇಲೆ ವಿಳಾಸ ಬೇಡ, ಗುಂಪಿಗಷ್ಟೇ ತಿಳಿದ ಒಂದು ಸಂಖ್ಯೆ ಇರಲಿ. ಕೀಲಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಹಿರಿಯರ ಸಹಿ ಹಾಕಿಸಿ. ತೆಗೆದರೆ ಗೊತ್ತಾಗುತ್ತದೆ, ನಿಮ್ಮ ಮೇಲೆ ಅನುಮಾನವೂ ಬರುವುದಿಲ್ಲ. ಆದರೆ ಒಳಗಿನಿಂದ ಚಿಲಕ ಹಾಕಿದ್ದರೆ ಯಾವ ಕೀಲಿಯೂ ಕೆಲಸಕ್ಕೆ ಬರದು. ಹೊರಗಿನಿಂದಲೂ ತೆರೆಯಬಹುದಾದ ಬೀಗ ಹಾಕಿಸಿ, ಚಿಲಕ ಬಿಟ್ಟು ಅದನ್ನೇ ಬಳಸಲು ಒಪ್ಪಿಸಿ.

ಬಚ್ಚಲಿನ ಬಾಗಿಲನ್ನು ಮರೆಯಬೇಡಿ. ಒಳಕ್ಕೆ ತೆರೆಯುವ ಬಾಗಿಲಾದರೆ ಬಿದ್ದವರ ಮೈಯೇ ಅದಕ್ಕೆ ಅಡ್ಡವಾಗುತ್ತದೆ. ಬಡಗಿಗೆ ಹೇಳಿ ಹೊರಕ್ಕೆ ತೆರೆಯುವಂತೆ ಮಾಡಿಸಿ. ಹಿಡಿಕೆಯ ವಿಷಯದಲ್ಲಿ ಹಲವರು ಎಡವುತ್ತಾರೆ: ಟವಲ್ ಹಾಕುವ ಸರಳನ್ನೇ ಹಿಡಿದುಕೊಳ್ಳುತ್ತಾರೆ, ಅದು ಸ್ಕ್ರೂ ಸಮೇತ ಕಿತ್ತು ಬರುತ್ತದೆ. ರಬ್ಬರ್ ಬಟ್ಟಲಿನಿಂದ ಟೈಲ್ಸಿಗೆ ಅಂಟಿಕೊಳ್ಳುವ ಹಿಡಿಕೆಯನ್ನೂ ನಂಬಬೇಡಿ. ಗಾಳಿ ಒಳಸೇರಿದರೆ ಹಿಡಿತ ಬಿಡುತ್ತದೆ, ಯಾವಾಗ ಬಿಡುತ್ತದೆಂದು ಹೇಳಲಾಗದು. ಹಿಡಿಕೆಯನ್ನು ಟೈಲ್ಸಿನ ಹಿಂದಿನ ಗಟ್ಟಿ ಗೋಡೆಗೇ ಬೋಲ್ಟ್ ಹಾಕಿ ಕೂರಿಸಬೇಕು. ಅದು 110 ಕಿಲೋಗೂ ಹೆಚ್ಚು ಭಾರ ತಡೆಯಬೇಕು, ನೆಲದಿಂದ 84–91 ಸೆಂ.ಮೀ. ಎತ್ತರದಲ್ಲಿರಬೇಕು. ಗೋಡೆಗೂ ಸರಳಿಗೂ ನಡುವೆ ಸುಮಾರು 4 ಸೆಂ.ಮೀ. ಸಂದು ಸಾಕು; ಹೆಚ್ಚಾದರೆ ಜಾರಿದಾಗ ಮುಂಗೈ ಸಂದಿನೊಳಗೆ ಸಿಕ್ಕಿಕೊಂಡೀತು. ಗೀಸರನ್ನು 50 ಡಿಗ್ರಿ ಮೀರದಂತೆ ಇಡಿ. 60 ಡಿಗ್ರಿಯ ನೀರು ಐದಾರು ಸೆಕೆಂಡಿನಲ್ಲೇ ಚರ್ಮ ಸುಡುತ್ತದೆ.

ಬಿದ್ದವರನ್ನು ಕಂಡ ಕೂಡಲೇ ಕಂಕುಳಿಗೆ ಕೈ ಹಾಕಿ ಎತ್ತುವುದು ನಮ್ಮೆಲ್ಲರ ಸ್ವಭಾವ. ಅದನ್ನು ತಡೆದುಕೊಳ್ಳಿ. ಮೊದಲು ಮಾತಾಡಿಸಿ. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಹೊದಿಕೆ ಹೊದಿಸಿ ಆಂಬ್ಯುಲೆನ್ಸ್ ಕರೆಯಿರಿ, ಅಲುಗಾಡಿಸಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಅವರು ನಗುತ್ತ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು. ನೋವೇನೂ ಇಲ್ಲವಾದರೆ ಮಗ್ಗುಲಾಗಲು, ಆಮೇಲೆ ಮಂಡಿಯೂರಲು ಹೇಳಿ. ಮುಂದೊಂದು ಕುರ್ಚಿ ಇಡಿ. ಅದರ ಮೇಲೆ ಎರಡೂ ಕೈ ಊರಿ, ಬಲವಿರುವ ಕಾಲನ್ನು ಮುಂದಿಟ್ಟು ಅವರೇ ಏಳಲಿ. ಎದ್ದ ಕೂಡಲೇ ಹಿಂದಿನಿಂದ ಇನ್ನೊಂದು ಕುರ್ಚಿ ಸರಿಸಿ.

ಬೇಡವೆನ್ನಬೇಕಾದ ಕೆಲಸಗಳೂ ಇವೆ. ಮಾತ್ರೆ ನೆನಪಿಸಿ, ಆದರೆ ಡಬ್ಬಿಗೆ ವಿಂಗಡಿಸಿ ತುಂಬುವುದು ಮನೆಯವರ ಅಥವಾ ನರ್ಸ್ ಕೆಲಸ. ಎಟಿಎಂ ಪಿನ್ ಹೇಳಿದರೂ ಕೇಳಿಸಿಕೊಳ್ಳಬೇಡಿ. ಸಾಮಾನು ತಂದರೆ ರಸೀದಿಯನ್ನೂ ಚಿಲ್ಲರೆಯನ್ನೂ ಅಲ್ಲೇ ಎಣಿಸಿಕೊಡಿ. ರಾತ್ರಿ ಎದ್ದು ಹೊರಗೆ ನಡೆದುಬಿಡುವವರು, ಒಲೆ ಉರಿಯುತ್ತಿರುವುದನ್ನು ಮತ್ತೆ ಮತ್ತೆ ಮರೆಯುವವರು ನೆರೆಹೊರೆಯವರ ಕೈಗೆ ಮೀರಿದವರು. ಮಕ್ಕಳಿಗೋ ವೈದ್ಯರಿಗೋ ಮುಚ್ಚುಮರೆಯಿಲ್ಲದೆ ಹೇಳಿ.

ಇನ್ನೊಂದು ವಿಷಯ. ಅಮೆರಿಕದ ಬಾಸ್ಟನ್ ನಗರದಲ್ಲಿ 2002ರಲ್ಲಿ ಕೆಲಸ ಆರಂಭಿಸಿದ, ಹಿರಿಯರಿಗೆ ನೆರವಾಗುವ ‘ಬೀಕನ್ ಹಿಲ್ ವಿಲೇಜ್’ ಎಂಬ ಸಂಘವನ್ನು ಕಟ್ಟಿದವರು ಆ ಬಡಾವಣೆಯ ಹಿರಿಯರೇ. ಚಂದಾ ಕೊಟ್ಟು ಸದಸ್ಯರಾದರು, ಏನು ಬೇಕು ಏನು ಬೇಡವೆಂದು ತಾವೇ ತೀರ್ಮಾನಿಸಿದರು. ನಿಮ್ಮ ಪತ್ರದಲ್ಲಿ ಆ ಐವರನ್ನು ಯಾರಾದರೂ ಏನಾದರೂ ಕೇಳಿದ ಸುಳಿವೇ ಇಲ್ಲ. ಮುಂದಿನ ಸಭೆಯನ್ನು ಆ ಅಜ್ಜಿಯ ಮನೆಯಲ್ಲೇ ಇಟ್ಟುಕೊಳ್ಳಿ. ಅವರು ಚೇತರಿಸಿಕೊಂಡಿದ್ದರೆ, ಉಳಿದ ನಾಲ್ವರ ಬೆಳಗಿನ ಕರೆ ಬಂತೇ ಎಂದು ಗುರುತು ಹಾಕುವ ನೋಟ್‌ಬುಕ್ಕನ್ನು ಅವರಿಗೇ ವಹಿಸಲಾಗದೇ, ಕೇಳಿ ನೋಡಿ.

— ಸಂ.