ಕೋಟೆ ಬಿದ್ದ ಮೇಲೂ ಓಬವ್ವ ಗೆದ್ದವಳೇ

"1779ರಲ್ಲಿ ಕೋಟೆಯೇ ಬಿದ್ದ ಮೇಲೆ ಓಬವ್ವ ಗೆದ್ದಳು ಎನ್ನುವುದಕ್ಕೆ ಏನು ಅರ್ಥ?" ಎಂದು ಕೇಳಿದ್ದೀರಿ. ಚಿತ್ರದುರ್ಗದವನಾಗಿ ಉತ್ತರಿಸುತ್ತೇನೆ.

ಓಬವ್ವನ ಕಥೆ 1779ರದ್ದಲ್ಲ, ಅದಕ್ಕೂ ಮುಂಚಿನ ಮುತ್ತಿಗೆಯದು. ಆ ಸಲ ಹೈದರಾಲಿಯ ಸೈನ್ಯಕ್ಕೆ ಕೋಟೆ ದಕ್ಕಲಿಲ್ಲ. ನುಸುಳಿ ಬಂದ ಸೈನಿಕರನ್ನು ಓಬವ್ವ ಒನಕೆಯಿಂದ ಬಡಿದು ಕೊಂದ ಕೋಟೆಯ ಆ ಕಿಂಡಿಯ ಮುಂದೆ ಒಮ್ಮೆ ನಿಂತು ನೋಡಿ. ಒಬ್ಬ ಆಳು ಮೈ ಕುಗ್ಗಿಸಿ, ತಲೆ ಮುಂದೆ ಚಾಚಿಯೇ ನುಸುಳಬೇಕು. ಕಾವಲಿನ ಗಂಡ ಊಟಕ್ಕೆ ಕುಳಿತಿದ್ದ, ನೀರಿಗೆ ಹೋದವಳು ಸದ್ದು ಕೇಳಿ ಒನಕೆ ಹಿಡಿದಳು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಅವಳ ಪಾಲಿಗೆ ಬಂದದ್ದು ಆ ಒಂದು ಕಿಂಡಿ. ಅದನ್ನು ಆಕೆ ಬಿಟ್ಟುಕೊಡಲಿಲ್ಲ. ನನಗೆ ಅದು ಪೂರ್ತಿ ಗೆಲುವು.

ಸೋಲಿನ ನಿಜವಾದ ನೋವು ಕೋಟೆ ಬಿದ್ದ ಮೇಲಿನದು. ದುರ್ಗವನ್ನು ಆಳುತ್ತಿದ್ದ ಮದಕರಿ ನಾಯಕರನ್ನು ಸೆರೆಹಿಡಿದು ಹೈದರಾಲಿಯ ರಾಜಧಾನಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಇಲ್ಲಿನ ಬೇಡ ಸಮುದಾಯದ ಸಾವಿರಾರು ಜನರನ್ನೂ ಅಲ್ಲಿಗೆ ಸಾಗಿಸಿ, ಹುಡುಗರನ್ನು ಗೆದ್ದವನ ಪಡೆಗೇ ಸೇರಿಸಿದರು. ಬುರುಜಿನ ಮೇಲೆ ಬಾವುಟ ಬದಲಾಯಿತು, ಸರಿ. ಆ ಮನೆಗಳಲ್ಲಿ ಒಲೆಯೇ ಆರಿತು. ನಾನು ಯುದ್ಧದ ಲೆಕ್ಕ ಹಾಕುವುದು ಅಲ್ಲಿಂದ.

ಗೆದ್ದ ಹೈದರಾಲಿ 1782ರಲ್ಲಿ ತೀರಿಕೊಂಡ. 1799ರ ಮೇ 4ರಂದು ಶ್ರೀರಂಗಪಟ್ಟಣವೂ ಬಿದ್ದಿತು, ಟಿಪ್ಪು ಮಡಿದ. ಗೆದ್ದ ಮನೆತನಕ್ಕೆ ದುರ್ಗ ದಕ್ಕಿದ್ದು 20 ವರ್ಷ. ಸೇಡು ತೀರಿತೆಂದು ಹೇಳುತ್ತಿಲ್ಲ. ಅಲ್ಲಿ ಸತ್ತವರೂ ಇಂಥ ಮನೆಗಳವರೇ.

ಕೋಟೆಗೆ ಬರುವುದಾದರೆ ಬೆಳಿಗ್ಗೆಯೇ ಬನ್ನಿ, ಬಿಸಿಲೇರಿದರೆ ಬಂಡೆ ಕಾಯುತ್ತದೆ. ಕಿಂಡಿಯ ಹತ್ತಿರದ ‘ತಣ್ಣೀರು ದೋಣಿ’ ಎಂಬ ನೀರಿನ ತಾಣವನ್ನೂ ನೋಡಿ.