ಮಳೆಗಾಲದಲ್ಲಿ ಶಿವಮೊಗ್ಗಕ್ಕೆ ವಿಮಾನದಲ್ಲಿ ಅಮ್ಮನನ್ನು ಕರೆಸಬಹುದಾ?

ಜುಲೈನಲ್ಲಿ ಅಮ್ಮ ಒಬ್ಬರೇ ಬರುತ್ತಾರೆ, ಮಂಗಳೂರಿನಲ್ಲಿ ಆದ ಹಾಗೆ ಇಲ್ಲೂ ವಿಮಾನ ರನ್‌ವೇ ದಾಟಿಹೋದರೆ ಅಂತ ಕೇಳಿದ್ದೀರಿ. ಆ ಭಯ ನನಗೂ ಇತ್ತು.

ಆದರೆ 2010ರ ಮೇ 22ರಂದು ಮಂಗಳೂರಲ್ಲಿ ರನ್‌ವೇ ಒಣಗೇ ಇತ್ತು. ವಿಮಾನ ತೀರಾ ಎತ್ತರದಿಂದ, ಜಾಸ್ತಿ ವೇಗದಲ್ಲಿ ಬಂತು. ಅರ್ಧಕ್ಕಿಂತ ಹೆಚ್ಚು ರನ್‌ವೇ ಕಳೆದ ಮೇಲೆ ನೆಲ ಮುಟ್ಟಿತು. ಮತ್ತೆ ಮೇಲೇರೋಣ ಅಂತ ಸಹ ಪೈಲಟ್ ಹೇಳಿದ್ದರು, ಕ್ಯಾಪ್ಟನ್ ಇಳಿಸಿಯೇಬಿಟ್ಟರು. ಆಚೆ ಕಣಿವೆ. 158 ಜನ ಹೋದರು. ಈಗಲೂ ನೆನೆದರೆ ಹೊಟ್ಟೆ ಕಿವುಚುತ್ತದೆ.

ಶಿವಮೊಗ್ಗದ ವಿಮಾನ ನಿಲ್ದಾಣ ಇರೋ ಸೊಗಾನೆಯ ರನ್‌ವೇ 3,200 ಮೀಟರ್, ಮಂಗಳೂರಿನದು ಸುಮಾರು 2,450. ಎಟಿಆರ್‌ನಂಥ ಸಣ್ಣ ಪ್ರೊಪೆಲ್ಲರ್ ವಿಮಾನ ಇಳಿದು ನಿಲ್ಲೋಕೆ ಸಾಮಾನ್ಯವಾಗಿ ಸೊಗಾನೆಯ ಉದ್ದದಲ್ಲಿ ಅರ್ಧವೂ ಬೇಡ. ಮಳೆನೀರು ನಿಂತರೆ ಬ್ರೇಕ್ ಹಿಡಿತ ಕಡಿಮೆಯಾಗುತ್ತದೆ, ಅದು ನಿಜ. ಅದಕ್ಕೇ ಉದ್ದ ಮುಖ್ಯ.

ಅಮ್ಮನಿಗೆ ಇಷ್ಟು ಹೇಳಿಡಿ: ಚಕ್ರ ನೆಲಕ್ಕೆ ತಾಗಿದ ಕೂಡಲೇ ಪ್ರೊಪೆಲ್ಲರ್ ಸದ್ದು ಗುರ್ ಅಂತ ಬದಲಾಗುತ್ತದೆ, ಮೈ ಮುಂದಕ್ಕೆ ವಾಲುತ್ತದೆ. ಅದು ವೇಗ ತಗ್ಗಿಸೋ ಸದ್ದು. ಇಳಿಯೋ ಹೊತ್ತಲ್ಲಿ ವಿಮಾನ ಮತ್ತೆ ಮೇಲೇರಿದರೂ ಗಾಬರಿ ಬೇಡ. ಮಂಗಳೂರಲ್ಲಿ ಅವತ್ತು ಮಾಡಬೇಕಿದ್ದದ್ದು ಅದನ್ನೇ. ಮೋಡ ಕವಿದು ವಿಮಾನ ಬೇರೆ ಊರಿಗೆ ಹೋದರೆ ಅಂತ ಒಂದು ಸ್ವೆಟರ್, ಮಾತ್ರೆಗಳು ಕೈಚೀಲದಲ್ಲೇ ಇರಲಿ.